ಆರ್ಲೊನ ಹೆಸರು, ಸೆಲ್ಮರನ ಎದೆ

ಆ ಶನಿವಾರ ಬೆಳಗ್ಗೆ ನಾರ್ಡಾಲ್ ಊರಿನ ಮೇಲೆ ಹೊಗೆ ನೆಟ್ಟಗೆ ನಿಂತಿತ್ತು. ರಾತ್ರಿಯೆಲ್ಲ ಸುರಿದ ಹಿಮ ನಸುಕಿಗೆ ನಿಂತು, ಗಾಳಿಯೂ ಅದರ ಪಕ್ಕದಲ್ಲೇ ಮಲಗಿಬಿಟ್ಟಿತ್ತು. ಒಂದೊಂದು ಮನೆಯ ಹೊಗೆಗೂಡಿನಿಂದಲೂ ಹೊಗೆ, ಮೇಲೆ ಯಾರೋ ದಾರ ಕಟ್ಟಿ ಹಿಡಿದುಕೊಂಡ ಹಾಗೆ, ಒಂದಿಷ್ಟೂ ಅಲ್ಲಾಡದೆ ಏರುತ್ತಿತ್ತು. ಕೆರೆ ಹೆಪ್ಪುಗಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ಉಸಿರೆಳೆದರೆ ಮೂಗಿನೊಳಗೆ ಸೂಜಿ ಚುಚ್ಚುವಷ್ಟು ಚಳಿ. ಇಂಥ ಬೆಳಗಿಗೆ ಆ ಊರಿನವರು ಕೊಡುವ ಹೆಸರು ಒಂದೇ: ಪರವಾಗಿಲ್ಲ.

ಆ ಊರಿನಲ್ಲಿ ಆ ಮಾತಿಗಿರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಮಗಳ ಮದುವೆ ಹೇಗಾಯಿತು ಎಂದರೆ ಪರವಾಗಿಲ್ಲ. ಕೊಟ್ಟಿಗೆಗೆ ಬೆಂಕಿ ಬಿತ್ತಂತಲ್ಲ ಎಂದರೂ ಪರವಾಗಿಲ್ಲ. ಇನ್ನೊಂದು ಕಟ್ಟಳೆಯೂ ಅಲ್ಲಿ ಉಂಟು. ಯಾರು ಏನು ಕೊಟ್ಟರೂ, ಏನು ಕೇಳಿದರೂ, ಮೊದಲೆರಡು ಸಲ ಬೇಡವೆನ್ನಬೇಕು. ಮೂರನೆಯ ಸಲ ಕೇಳಿದಾಗ ಒಪ್ಪಿಕೊಳ್ಳಬೇಕು. ಮೊದಲ ಸಲಕ್ಕೇ ಕಾಫಿ ತೆಗೆದುಕೊಂಡ ಒಬ್ಬ ವಿಮೆ ಏಜೆಂಟನ ಕಥೆಯನ್ನು ಅಲ್ಲಿಯ ಅಜ್ಜಿಯರು ಇಂದಿಗೂ ಮೊಮ್ಮಕ್ಕಳಿಗೆ ಎಚ್ಚರಿಕೆಯ ದನಿಯಲ್ಲಿ ಹೇಳುತ್ತಾರೆ.

ಈ ಊರಿನಲ್ಲಿ ಆರ್ಲೊ ಟ್ವೇಟ್ ಎಂಬ ಒಬ್ಬ ಸಜ್ಜನನಿದ್ದ. ಬಾಳೆಲ್ಲ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಆದರೆ ದೇವರು ಪ್ರತಿ ಮನುಷ್ಯನಿಗೂ ಒಂದು ಜಂಬವನ್ನು ಇಟ್ಟೇ ಕಳಿಸುತ್ತಾನೆ, ಆರ್ಲೊನ ಜಂಬ ಅವನ ಎದೆಯ ಮೇಲಿತ್ತು. ಅಲ್ಲಿ ಕರಡಿಯ ಹಾಗೆ ಕೂದಲು ಬೆಳೆದಿತ್ತು. ನಾರ್ವೆಯಿಂದ ಹಡಗು ಹತ್ತಿ ಬಂದ ಮುತ್ತಾತನಿಂದ ನೇರವಾಗಿ ತನಗೆ ಇಳಿದು ಬಂದ ಆಸ್ತಿ ಅದು, ಅದು ಇರುವವರೆಗೆ ಒಳಗಿನ ಗುಂಡಿಗೆಗೆ ಚಳಿಯಿಲ್ಲ, ರೋಗವಿಲ್ಲ ಎಂದು ಅವನ ನಂಬಿಕೆ. ಕಾಫಿ ಅಂಗಡಿಯಲ್ಲಿ ಕೂತರೆ ಎದೆ ತಟ್ಟಿ ತೋರಿಸುತ್ತಿದ್ದ. "ಹಳೇ ಟ್ರ್ಯಾಕ್ಟರ್ ಎಂಜಿನ್ನು ಇದು. ಹೊಗೆ ಇಲ್ಲ, ಸದ್ದಿಲ್ಲ."

ಇಂಥವನ ಬಾಯಿಗೆ ಕಡಿವಾಣ ಬಿದ್ದದ್ದು ಒಂದು ಪೆಟ್ಟಿಗೆಯಿಂದ.

ಊರಿನ ಆಂಬುಲೆನ್ಸನ್ನು ಊರಿನವರೇ ಸಂಬಳವಿಲ್ಲದೆ ನಡೆಸುತ್ತಿದ್ದರು. ಅದರ ಮುಖ್ಯಸ್ಥೆ ವರ್ನಾ, ಕ್ಷೌರದಂಗಡಿಯವಳು. ಅದರ ಚಾಲಕ ಬರ್ಡೆಲ್, ಪೆಟ್ರೋಲ್ ಬಂಕಿನವನು, ಊರಿನ ಮೇಯರ್ ಕೂಡ. ದೊಡ್ಡ ಆಸ್ಪತ್ರೆ ಇದ್ದದ್ದು ಒಂದು ಗಂಟೆ ದೂರದ ಪಟ್ಟಣದಲ್ಲಿ. ಎದೆನೋವೆಂದು ಹೊರಟವರಿಗೆ ಏನಾಗಿದೆ ಎಂಬುದು ಅಲ್ಲಿ ಮುಟ್ಟಿದ ಮೇಲೆಯೇ ತಿಳಿಯಬೇಕು. ಕೆಲವರು ಮುಟ್ಟಿರಲಿಲ್ಲ. ಅದಕ್ಕಾಗಿ ಚರ್ಚಿನ ಹೆಂಗಸರು ಎರಡು ಚಳಿಗಾಲ ಕೌದಿ ಹೊಲಿದು, ಮೀನೂಟ ಬಡಿಸಿ, ಹನಿಹನಿಯಾಗಿ ಕೂಡಿಸಿ, ಕೈಯಲ್ಲಿ ಹಿಡಿದು ಒಯ್ಯುವಂಥ ಇ.ಸಿ.ಜಿ. ಪೆಟ್ಟಿಗೆಯೊಂದನ್ನು ತರಿಸಿದ್ದರು. ಎದೆಗೆ ಬಿಲ್ಲೆ ಅಂಟಿಸಿ, ತಂತಿ ಸಿಕ್ಕಿಸಿ, ಗುಂಡಿ ಒತ್ತಿದರೆ ಗುಂಡಿಗೆಯ ಗೆರೆ ಅದರ ತೆರೆಯ ಮೇಲೆ ಬರುತ್ತಿತ್ತು. ಇನ್ನೊಂದು ಗುಂಡಿ ಒತ್ತಿದರೆ ಅದೇ ಗೆರೆ ಆ ಕ್ಷಣಕ್ಕೇ ಪಟ್ಟಣದ ಡಾಕ್ಟರ ಮುಂದೆ ಹೋಗಿ ನಿಲ್ಲುತ್ತಿತ್ತು.

ಈ ಪೆಟ್ಟಿಗೆಯನ್ನು ಊರಿಗೆಲ್ಲ ತೋರಿಸಬೇಕೆಂದು ಆ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಕರೆದರು. ಮಲಗಿ ತೋರಿಸಲು ಒಂದು ಎದೆ ಬೇಕು ಎಂದಾಗ ಎಲ್ಲರ ಕಣ್ಣೂ ಆರ್ಲೊನ ಮೇಲೆ ಬಿತ್ತು. ಅವನು ಪದ್ಧತಿಯ ಪ್ರಕಾರ ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಒಪ್ಪಿದ. ವರ್ನಾ ಬೆಳಗ್ಗೆಯೇ ಪೆಟ್ಟಿಗೆಯಲ್ಲಿ ಅವನ ಹೆಸರು, ವಯಸ್ಸು ಎಲ್ಲ ತುಂಬಿಸಿಟ್ಟಳು.

ಚರ್ಚಿನ ನೆಲಮಾಳಿಗೆಯಲ್ಲಿ, ಹೆಂಗಸರೆದುರು, ಗಂಡಸೊಬ್ಬ ಅಂಗಿ ಬಿಚ್ಚಿ ಮಲಗುವುದುಂಟೆ? ಹಾಗಾಗಿ ಹಗ್ಗ ಕಟ್ಟಿ, ಅದರ ಮೇಲೆ ಕೌದಿಗಳನ್ನು ಇಳಿಬಿಟ್ಟು, ಹಿಂದೆ ಒಂದು ಮಂಚ ಹಾಕಿದ್ದರು. ಪೆಟ್ಟಿಗೆ ಈಚೆ, ಎದೆ ಆಚೆ, ತಂತಿ ಕೌದಿಯ ಕೆಳಗಿನಿಂದ ನುಸುಳಿ ಹೋಗಬೇಕು. ಜನ ನೋಡುವುದು ಗೋಡೆಯ ಮೇಲೆ ದೊಡ್ಡದಾಗಿ ಮೂಡುವ ಗೆರೆಯನ್ನು ಮಾತ್ರ.

ಆರ್ಲೊ ಕೌದಿಯ ಹಿಂದೆ ಹೋದ. ಅಂಗಿಯ ಎರಡು ಗುಂಡಿ ಬಿಚ್ಚಿದ. ಆಗ ಅವನ ಕಣ್ಣು ಮಂಚದ ಪಕ್ಕದ ತಟ್ಟೆಯ ಮೇಲೆ ಬಿತ್ತು. ತಟ್ಟೆಯಲ್ಲಿ ಬಿಲ್ಲೆಗಳಿದ್ದವು, ಹತ್ತಿ ಇತ್ತು, ಅವುಗಳ ನಡುವೆ ಹೊಚ್ಚ ಹೊಸ ಕ್ಷೌರದ ಕತ್ತಿಯೂ ಇತ್ತು. ಕೂದಲಿದ್ದರೆ ಬಿಲ್ಲೆ ಅಂಟುವುದಿಲ್ಲ, ಅದಕ್ಕೆ ವರ್ನಾ ಮುನ್ನೆಚ್ಚರಿಕೆಯಿಂದ ಇಟ್ಟದ್ದು. ಮುತ್ತಾತ ಹಡಗಿನಲ್ಲಿ ತಂದ ಆಸ್ತಿ ಕಣ್ಣೆದುರೇ ಹರಾಜಿಗೆ ಬಂದಂತಾಗಿ ಆರ್ಲೊ ಬಿಚ್ಚಿದ ಅಂಗಿಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದ.

ಅಲ್ಲೇ ನೆಲದ ಮೇಲೆ ಕೂತು ಕರೆಂಟಿನ ತಂತಿ ಸಿಕ್ಕಿಸುತ್ತಿದ್ದವನು ಸೆಲ್ಮರ್. ಅವನು ಚರ್ಚನ್ನು ನೋಡಿಕೊಳ್ಳುವವನು. ಕುರ್ಚಿ ಹಾಕುವುದು, ಒಲೆ ಹೊತ್ತಿಸುವುದು, ಮೆಟ್ಟಿಲ ಮೇಲಿನ ಹಿಮ ಬಳಿಯುವುದು ಎಲ್ಲ ಅವನದೇ. ಒಂಟಿ ಮನುಷ್ಯ, ಆರ್ಲೊನ ಪಕ್ಕದ ಮನೆಯವನು. ಇಬ್ಬರಿಗೂ ಏಳೆಂಟು ಚಳಿಗಾಲದಿಂದ ಮಾತಿರಲಿಲ್ಲ. ಕಾರಣ ಇಷ್ಟೇ. ಕೆರೆಯ ಹೆಪ್ಪಿಗೆ ತೂತು ಕೊರೆದು ಮೀನು ಹಿಡಿಯಲೆಂದು ಆರ್ಲೊ ಅವನ ಬೈರಿಗೆಯನ್ನು ಒಂದು ದಿನದ ಮಟ್ಟಿಗೆ ಇಸಿದುಕೊಂಡಿದ್ದ. ಆ ದಿನ ಒಂದು ವಾರವಾಯಿತು, ವಾರ ವರ್ಷವಾಯಿತು. ಕೊಟ್ಟದ್ದನ್ನು ಬಾಯಿಬಿಟ್ಟು ಕೇಳುವುದು ಆ ಊರಿನಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು, ಆದ್ದರಿಂದ ಸೆಲ್ಮರ್ ಕೇಳಲಿಲ್ಲ. ಇಷ್ಟು ತಡವಾಗಿ ಯಾವ ಮುಖ ಇಟ್ಟುಕೊಂಡು ಕೊಡಲಿ ಎಂದು ಆರ್ಲೊ ಕೊಡಲಿಲ್ಲ. ಮುಖ ತಪ್ಪಿಸುವುದು ಅಭ್ಯಾಸವಾಯಿತು. ಆ ಊರಿನಲ್ಲಿ ಮಾತಾಡುವ ಗೆಳೆಯರೂ ಮಾತು ಬಿಟ್ಟ ಗೆಳೆಯರೂ ಒಂದೇ ಥರ ಕಾಣುವುದರಿಂದ, ವಿಷಯ ಊರಿಗೆ ತಿಳಿಯುವುದಕ್ಕೇ ಎರಡು ವರ್ಷ ಹಿಡಿಯಿತು.

ಕತ್ತಿಯ ಭಯದ ಮುಂದೆ ನಾಚಿಕೆ ನಿಲ್ಲಲಿಲ್ಲ.

"ಸೆಲ್ಮರ್," ಎಂದು ಪಿಸುಗುಟ್ಟಿದ ಆರ್ಲೊ. "ನಿನ್ನ ಎದೆ ಮೇಲೆ ಕೂದಲಿದೆಯಾ?"

ಏಳೆಂಟು ವರ್ಷದ ಮೇಲೆ ಕೇಳಿಬಂದ ಮೊದಲ ಮಾತಿಗೆ ಸೆಲ್ಮರ್ ತನ್ನ ಅಂಗಿಯ ಕೊರಳೊಳಗೆ ಒಮ್ಮೆ ಇಣುಕಿ ನೋಡಿದ. "ಇಲ್ಲಪ್ಪ. ನಮ್ಮ ಕಡೆ ಯಾರಿಗೂ ಇಲ್ಲ."

"ಹಾಗಾದ್ರೆ ಒಂದೈದು ನಿಮಿಷ ನೀನೇ ಮಲಗಿಬಿಡು."

"ಅಯ್ಯೋ ಬೇಡ. ನಿನ್ನ ಹೆಸರು ಹಾಕಿದಾರೆ."

"ಹೆಸರನ್ನ ಯಾರು ನೋಡ್ತಾರೆ? ಗೋಡೆ ಮೇಲೆ ಕಾಣೋದು ಗೆರೆ. ಎಲ್ಲರ ಗೆರೆನೂ ಒಂದೇ. ಮಲಗು."

"ಬೇಡ, ನಂಗೆ ಕುರ್ಚಿ ಹಾಕೋದಿದೆ."

"ಮಲಗು ಮಾರಾಯ."

ಅದು ಮೂರನೆಯ ಸಲವಾಗಿತ್ತು. ಸೆಲ್ಮರ್ ಬೂಟು ಕಳಚಿ, ಅಂಗಿ ಬಿಚ್ಚಿ, ಮಡಿಸಿಟ್ಟು ಮಲಗಿದ. "ಬೆಳಗ್ಗಿಂದ ಎಡಗಡೆ ಭುಜ ಹಿಡ್ಕೊಂಡಂಗಿದೆ. ಸ್ವಲ್ಪ ಮಲಗಿದ್ರೆ ಒಳ್ಳೇದೇ," ಎಂದ. ಹೆಂಗಸರು ಬರುತ್ತಾರೆಂದು ನಾಚಿ ಟೋಪಿಯನ್ನು ಮುಖದ ಮೇಲೆಳೆದುಕೊಂಡ. ಆರ್ಲೊ ಪಕ್ಕದ ಒಲೆಕೋಣೆಗೆ ನುಗ್ಗಿ ಬಾಗಿಲು ಮುಂದೆ ಮಾಡಿದ.

ಬಿಲ್ಲೆ ಅಂಟಿಸಲು ಬಂದವಳು ಡೆಲ್ಫೀನ್. ಅಂಚೆ ಕಚೇರಿಗೆ ವರ್ಗವಾಗಿ ಬಂದು ತಿಂಗಳಾಗಿತ್ತು, ಆಂಬುಲೆನ್ಸ್ ಕೆಲಸಕ್ಕೆ ಹೊಸಬಳು. ಊರಿನ ಮುದುಕರೆಲ್ಲ ಒಂದೇ ಟೋಪಿ, ಒಂದೇ ಗಡ್ಡ, ಒಂದೇ ಕೋಟು. ಅವಳಿಗೆ ಇನ್ನೂ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಟೋಪಿಯ ಕೆಳಗಿದ್ದ ಆಸಾಮಿಗೆ ನಮಸ್ಕಾರ ಹೇಳಿ, ನುಣ್ಣನೆಯ ಎದೆ ಕಂಡು, ಕತ್ತಿ ಮುಟ್ಟುವ ಕೆಲಸ ತಪ್ಪಿತೆಂದು ದೇವರನ್ನು ನೆನೆದು, ಅಚ್ಚುಕಟ್ಟಾಗಿ ಬಿಲ್ಲೆ ಅಂಟಿಸಿದಳು.

ಗೋಡೆಯ ಮೇಲೆ ಗೆರೆ ಮೂಡಿತು. ಜನ ಆಹಾ ಎಂದರು. ಜನರ ಕಡೆ ಮುಖ ಮಾಡಿ, ಗೋಡೆಗೆ ಬೆನ್ನು ಹಾಕಿ ನಿಂತ ವರ್ನಾ ವಿವರಿಸುತ್ತ ಹೋದಳು. ಗೆರೆಯ ಒಂದು ಕಡೆ ಉಬ್ಬು ಕಂಡದ್ದನ್ನು ಬರ್ಡೆಲ್ ಮೆಚ್ಚಿ, ಆರ್ಲೊನ ಗುಂಡಿಗೆಗೂ ಡೊಳ್ಳುಹೊಟ್ಟೆ ಬಂದಿದೆ ಎಂದ. ಎಲ್ಲರೂ ನಕ್ಕರು. ವರ್ನಾ ಕಳಿಸುವ ಗುಂಡಿಯನ್ನು ಒತ್ತಿ ತೋರಿಸಿದಳು. ಪೆಟ್ಟಿಗೆ ಕುಯ್ ಕುಯ್ ಎಂದಿತು, ಒಂದು ಕಾಗದವನ್ನೂ ಉಗುಳಿತು. ಹೊಸ ಪದಾರ್ಥಕ್ಕೆ ಉತ್ಸಾಹ ಜಾಸ್ತಿ ಎಂದು ಜನ ಚಪ್ಪಾಳೆ ತಟ್ಟಿದರು. ಕಾಫಿ ಬಂತು. ಆ ಗದ್ದಲದಲ್ಲಿ ಸೆಲ್ಮರ್ ಬಿಲ್ಲೆ ಕಿತ್ತು, ಅಂಗಿ ತೊಟ್ಟು, ಹಿಂದಿನ ಮೆಟ್ಟಿಲಿಂದ ಮೇಲೆ ಹೋಗಿ ಬಾಗಿಲ ಮುಂದಿನ ಹೆಪ್ಪಿಗೆ ಉಪ್ಪು ಚೆಲ್ಲತೊಡಗಿದ. ಆರ್ಲೊ ಅಂಗಿಯ ಗುಂಡಿಯನ್ನು ಒಂದು ಕೆಳಗೆ ಒಂದು ಮೇಲೆ ಹಾಕಿಕೊಂಡು ಕೌದಿಯಿಂದ ಹೊರಬಂದು, ಬಾಗಿ, ಚಪ್ಪಾಳೆ ಸ್ವೀಕರಿಸಿ, ನಿಂಬೆ ಕೇಕಿನ ತುಂಡಿಗೆ ಕೈ ಹಾಕಿದ.

ಆಗ ವರ್ನಾಳ ಫೋನು ರಿಂಗಣಿಸಿತು.

ಪಟ್ಟಣದ ಡಾಕ್ಟರು. ಹೆಂಗಸಿನ ದನಿ, ಕುಶಲ ಕೇಳುವ ಪುರುಸೊತ್ತಿಲ್ಲದ ದನಿ. ಆರ್ಲೊ ಟ್ವೇಟ್ ಎಂಬವರು ಈಗ ಎಲ್ಲಿದ್ದಾರೆ, ಅವರ ಹೃದಯದ ರಕ್ತನಾಳವೊಂದು ಮುಚ್ಚಿಕೊಳ್ಳುತ್ತಿದೆ, ತಕ್ಷಣ ಹೊರಡಿಸಿ ಎಂದರು. ವರ್ನಾ ನಕ್ಕು, ಇದು ಸುಮ್ಮನೆ ಜನರಿಗೆ ತೋರಿಸಲು ಮಾಡಿದ್ದು ಎಂದಳು.

"ಗೆರೆಗೆ ಅದು ಗೊತ್ತಿಲ್ಲಮ್ಮ," ಎಂದರು ಡಾಕ್ಟರು. "ನೀವು ಕಾಗದ ನೋಡಿದ್ರಾ?"

ವರ್ನಾ ನೋಡಿದಳು. ಮುಖದ ಬಣ್ಣ ಇಳಿಯಿತು. ಅವಳು ಆರ್ಲೊನ ಹತ್ತಿರ ಹೋಗಿ, ಇಡೀ ಸಭೆ ಕೇಳುವ ಹಾಗೆ, ಹೇಗಿದ್ದೀಯ ಎಂದು ಕೇಳಿದಳು.

"ಪರವಾಗಿಲ್ಲ," ಎಂದ ಆರ್ಲೊ.

ನೆಲಮಾಳಿಗೆಯಲ್ಲಿ ನಿಟ್ಟುಸಿರೆದ್ದಿತು. ಆಂಬುಲೆನ್ಸಿನವರಿಗೆ ವರ್ನಾ ಕಲಿಸಿದ ಮೊದಲ ಪಾಠವೇ ಅದು: ನಮ್ಮೂರಿನ ಗಂಡಸಿಗೆ ನೋವಾದರೆ ಗೊತ್ತಾಗುವುದು ಅವನು ಪರವಾಗಿಲ್ಲ ಎಂದಾಗ. ಏನೂ ಆಗಿಲ್ಲ ಎಂದು ಆರ್ಲೊ ಮತ್ತೆ ಹೇಳಿದ. ನಿಟ್ಟುಸಿರು ದೊಡ್ಡದಾಯಿತು. ಒಬ್ಬಳು ಕಣ್ಣೊರೆಸಿಕೊಂಡಳು. ಪಾದ್ರಿ ಲಿಂಡ್‌ಕ್ವಿಸ್ಟ್ ಕಾಫಿ ಕೆಳಗಿಟ್ಟು ಪ್ರಾರ್ಥನೆ ಶುರುಮಾಡಿದರು.

ಈಗ ಓದುವವರು ಕೇಳಬಹುದು, ಎದೆ ನನ್ನದಲ್ಲ ಎಂದು ಇವನೇಕೆ ಹೇಳಲಿಲ್ಲ ಎಂದು. ಕೇಳುವುದು ನ್ಯಾಯವೇ. ಆದರೆ ಪಟ್ಟಣದ ಡಾಕ್ಟರು ನಿಮ್ಮ ಹೆಸರು ಹಿಡಿದು ನೀವು ಸಾಯುತ್ತಿದ್ದೀರಿ ಎಂದಾಗ, ಊರಿಗೆ ಊರೇ ಕಣ್ಣೀರು ಹಾಕಿ ನಿಮ್ಮನ್ನೇ ನೋಡುವಾಗ, ಕೌದಿಯ ಹಿಂದೆ ಮಲಗಿದ್ದು ಯಾರೆಂಬ ಸಣ್ಣ ವಿಚಾರ ಯಾರ ತಲೆಯಲ್ಲಿ ಉಳಿದೀತು? ಆರ್ಲೊ ತಾನು ಸಾಯುತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿದ. ನಂಬಿದ ಕೂಡಲೇ ಅವನ ಎಡಗೈ ಜೋಮು ಹಿಡಿಯಿತು. ಅದರಲ್ಲಿ ಕೇಕು ಇದ್ದದ್ದರಿಂದ ಅದನ್ನು ಬಲಗೈಗೆ ದಾಟಿಸಿದ.

ಅವನ ಹೆಂಡತಿ ಇಡೆಲ್ಲಾ ಹತ್ತಿರ ಬಂದಳು. ಮುಖ ಬಿಳಿಚಿತ್ತು, ದನಿ ಗಟ್ಟಿಯಾಗಿತ್ತು. "ಪಟ್ಟಣಕ್ಕೆ ಹೋಗ್ತಿದೀಯ. ಗುಂಡಿ ಸರಿಯಾಗಿ ಹಾಕ್ಕೋ," ಎಂದಳು.

ಸ್ಟ್ರೆಚರು ಬಂತು. ಕಡಿದಾದ ಮೆಟ್ಟಿಲಲ್ಲಿ ಅವನನ್ನು ಹೊತ್ತವರು ಆರು ಜನ, ಸಲಹೆ ಕೊಟ್ಟವರು ಮೂವತ್ತು ಜನ. ಮೆಟ್ಟಿಲು ಹತ್ತುವಷ್ಟರಲ್ಲಿ ಹೆಂಗಸರು ಕೆಳಗೆ ಪಾಳಿ ಹಂಚಿಕೊಂಡಾಗಿತ್ತು, ಇಡೆಲ್ಲಾಳ ಮನೆಗೆ ಯಾರು ಆಲೂಗಡ್ಡೆ ಹಾಟ್‌ಡಿಶ್ ಕಳಿಸುವುದು, ಯಾರು ಕೋಳಿಯದು ಕಳಿಸುವುದು ಎಂದು. ಆ ಊರಿನಲ್ಲಿ ದುಃಖಕ್ಕೆ ಮದ್ದು ಒಲೆಯಲ್ಲಿ ಬೇಯುತ್ತದೆ, ಗಾಜಿನ ಪಾತ್ರೆಯಲ್ಲಿ ಬರುತ್ತದೆ.

ಮೇಲೆ ಬಾಗಿಲಲ್ಲಿ ಸೆಲ್ಮರ್ ನಿಂತಿದ್ದ. ಏನಾಯಿತೆಂದು ಕೇಳಿದ. ಆರ್ಲೊನಿಗೆ ಹೃದಯ ಕೈಕೊಟ್ಟಿತು ಎಂದರು. ಅವನು ಟೋಪಿ ತೆಗೆದು, ಎರಡೂ ಕೈಯಿಂದ ಆ ಭಾರದ ಬಾಗಿಲನ್ನು ತೆರೆದು ಹಿಡಿದುಕೊಂಡ. ಹೀಗೆ ಹೃದಯ ಕೆಟ್ಟವನು ಬಾಗಿಲು ಹಿಡಿದು ನಿಂತ, ಗುಂಡುಕಲ್ಲಿನಂಥವನು ಮಲಗಿಕೊಂಡು ದಾಟಿಹೋದ. ವರ್ನಾ ಹೋಗುತ್ತ ಸೆಲ್ಮರನಿಗೆ ಥ್ಯಾಂಕ್ಸ್ ಹೇಳಿದಳು. ಬಾಗಿಲು ಮುಚ್ಚಿ ಅವನು ಎಡಭುಜವನ್ನು ಉಜ್ಜಿಕೊಂಡ.

ಆಂಬುಲೆನ್ಸು ಕೂಗುತ್ತ ಹೊರಟಿತು. ಬರ್ಡೆಲ್ ಓಡಿಸುತ್ತಿದ್ದ, ಪಕ್ಕದಲ್ಲಿ ಇಡೆಲ್ಲಾ. ಹಿಂದೆ ಊರಿನ ಪಿಕಪ್ ಗಾಡಿಗಳ ಸಾಲು, ಕಷ್ಟಕಾಲದಲ್ಲಿ ಜೊತೆಗಿರಬೇಕೆಂದು. ವರ್ನಾ ಆರ್ಲೊನ ಬೆರಳಿಗೆ ಚಿಮಟದಂಥ ಸಣ್ಣ ಉಪಕರಣವೊಂದನ್ನು ಕಚ್ಚಿಸಿದಳು. ಅದು ಆಮ್ಲಜನಕ ಭರ್ತಿ ಇದೆ ಎಂದು ಹೇಳಿತು. ಅವಳು ಹುಬ್ಬು ಗಂಟಿಕ್ಕಿ, ಪೆಟ್ಟಿಗೆ ಹತ್ತಿರಕ್ಕೆಳೆದು, ಇನ್ನೊಮ್ಮೆ ಗೆರೆ ತೆಗೆಯಲು ಡೆಲ್ಫೀನಳಿಗೆ ಹೇಳಿದಳು.

ಆರ್ಲೊನಿಗೆ ಇದಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಅವನು ಕಣ್ಣು ಮುಚ್ಚಿ ಲೋಕವನ್ನು ಬಿಡುತ್ತಿದ್ದ.

"ಇಡೆಲ್ಲಾ," ಎಂದು ಕ್ಷೀಣವಾಗಿ ಕರೆದ.

"ಇಲ್ಲೇ ಇದೀನಿ," ಎಂದಳು ಅವಳು ಮುಂದಿನ ಸೀಟಿನಿಂದ.

"ದೋಣಿನ ನಿನ್ನ ತಮ್ಮನಿಗೆ ಕೊಡು. ಎಂಜಿನ್ನು ಕೊಡಬೇಡ, ಅವನಿಗೆ ನೋಡ್ಕೊಳ್ಳೋಕೆ ಬರಲ್ಲ." ಉಸಿರೆಳೆದುಕೊಂಡ. "ಗ್ಯಾರೇಜಲ್ಲಿ ಗೋಣಿಚೀಲದ ಕೆಳಗೆ ಒಂದು ಬೈರಿಗೆ ಇದೆ. ಅದು ಸೆಲ್ಮರನದು. ಕೊಟ್ಟುಬಿಡು. ನಾನು ಸತ್ತಮೇಲೆ ಕೊಡು, ಬದುಕಿರುವಾಗ ನಾಚ್ಕೆ ಆಗತ್ತೆ."

ಇಡೆಲ್ಲಾ ಮೂಗೊರೆಸಿಕೊಂಡು ಆಗಲೆಂದಳು. ಬರ್ಡೆಲನ ಕಣ್ಣೂ ಒದ್ದೆಯಾಗಿ ಗಾಡಿ ಒಮ್ಮೆ ಓಲಾಡಿತು.

ಆಗ ಡೆಲ್ಫೀನ್ ಅವನ ಅಂಗಿ ಬಿಚ್ಚಿದಳು. ಬಿಚ್ಚಿದವಳೇ ಕೈ ಹಿಂದಕ್ಕೆಳೆದುಕೊಂಡಳು.

"ವರ್ನಾ," ಎಂದಳು. "ಅರ್ಧ ಗಂಟೆ ಹಿಂದೆ ಈ ಎದೆ ಮೇಲೆ ಒಂದು ಕೂದಲೂ ಇರಲಿಲ್ಲ."

ವರ್ನಾ ಬಗ್ಗಿ ನೋಡಿದಳು. ಇಪ್ಪತ್ತು ವರ್ಷ ಕತ್ತರಿ ಹಿಡಿದವಳು. ಕೂದಲು ಯಾವ ವೇಗದಲ್ಲಿ ಬೆಳೆಯುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕತ್ತಿ ತೆಗೆದು, ಬೇಕಾದಷ್ಟು ಜಾಗದಲ್ಲಿ ಬರಬರನೆ ಎಳೆದು, ತಾನೇ ಬಿಲ್ಲೆ ಒತ್ತಿದಳು. ಸಾಯುತ್ತಿದ್ದವನು ಆ ವಿಷಯದಲ್ಲಿ ಸಾಕಷ್ಟು ಗಟ್ಟಿಯಾಗಿ ಕೂಗಿಕೊಂಡ. ಪೆಟ್ಟಿಗೆ ಹೊಸ ಕಾಗದ ಕೊಟ್ಟಿತು. ಗೆರೆ ಅಂದವಾಗಿತ್ತು, ಸಮವಾಗಿತ್ತು, ಎಲ್ಲೂ ಉಬ್ಬಿಲ್ಲ. ಹಳೇ ಟ್ರ್ಯಾಕ್ಟರ್ ಎಂಜಿನ್ನು. ಹೊಗೆ ಇಲ್ಲ, ಸದ್ದಿಲ್ಲ.

ವರ್ನಾ ಎರಡು ಕಾಗದವನ್ನೂ ಪಕ್ಕಪಕ್ಕ ಹಿಡಿದಳು.

"ಇದು ನಿನ್ನ ಎದೆ," ಎಂದಳು ನಿಧಾನವಾಗಿ. "ಇದು ಯಾರದು?"

ಆರ್ಲೊ ಕಣ್ಣು ತೆರೆದ. ಬೈರಿಗೆಯ ನೆಪದಲ್ಲಿ ಆಗಷ್ಟೇ ನಾಲಗೆಯ ಮೇಲೆ ಬಂದುಹೋದ ಹೆಸರು ಇನ್ನೂ ಅಲ್ಲೇ ಇತ್ತು. ಟೋಪಿ, ಮಡಿಸಿಟ್ಟ ಅಂಗಿ, ಹಿಡಿದುಕೊಂಡಿದೆ ಎಂದ ಭುಜ, ಎಲ್ಲ ಒಂದರ ಹಿಂದೊಂದು ಬಂದು ಅವನ ಕಣ್ಣ ಮುಂದೆ ನಿಂತವು. ಮರುಕ್ಷಣ ಅವನು ಎದ್ದು ಕೂತಿದ್ದ.

"ಸೆಲ್ಮರ್," ಎಂದ. "ಕತ್ತಿ ನೋಡಿ ಹೆದರಿಬಿಟ್ಟೆ ವರ್ನಾ. ಅವನನ್ನ ಮಲಗಿಸಿದೆ. ಅವನು ಎರಡು ಸಲ ಬೇಡ ಅಂದ."

ಇಡೆಲ್ಲಾ ತಿರುಗಿ ಗಂಡನನ್ನು ಒಂದು ಸಲ ನೋಡಿದಳು. ಆ ನೋಟದ ಮುಂದೆ ಕತ್ತಿ ಏನೂ ಅಲ್ಲ ಎಂದು ಅವನಿಗೆ ಆಗ ಹೊಳೆಯಿತು. ಅವಳು ಬರ್ಡೆಲನ ಕಡೆ ತಿರುಗಿ, "ತಿರುಗಿಸು," ಎಂದಳು.

ಒಂದು ಹೊಲದ ದಾರಿಯಲ್ಲಿ ಆಂಬುಲೆನ್ಸು ತಿರುಗಿತು. ಹಿಂದಿದ್ದ ಪಿಕಪ್ಪುಗಳೂ ಶಿಸ್ತಿನಿಂದ ಒಂದೊಂದಾಗಿ ಅದೇ ದಾರಿಯಲ್ಲಿ ತಿರುಗಿದವು. ಆರ್ಲೊ ತೀರಿಕೊಂಡನೆಂದು ತಿಳಿದು ಎಲ್ಲರೂ ಟೋಪಿ ತೆಗೆದಿದ್ದರು. ವರ್ನಾ ಡಾಕ್ಟರಿಗೆ ಫೋನು ಮಾಡಿ, ಗೆರೆ ಸರಿ, ಹೆಸರು ತಪ್ಪು ಎಂದಳು.

"ಆ ಎದೆ ಈಗ ಎಲ್ಲಿದೆ?" ಎಂದು ಕೇಳಿದರು ಡಾಕ್ಟರು. ಸೆಲ್ಮರ್ ಮೊಬೈಲು ಇಟ್ಟುಕೊಂಡವನಲ್ಲ. ಚರ್ಚಿನ ಫೋನು ಎತ್ತುವವರಿರಲಿಲ್ಲ, ಗಂಡಸರು ಗಾಡಿಗಳಲ್ಲಿದ್ದರು, ಹೆಂಗಸರು ತಂತಮ್ಮ ಮನೆಗಳಲ್ಲಿ ಆರ್ಲೊನಿಗಾಗಿ ಆಲೂಗಡ್ಡೆ ಸುಲಿಯುತ್ತಿದ್ದರು.

ಚರ್ಚಿಗೆ ಹೋದರು. ಕುರ್ಚಿಗಳೆಲ್ಲ ಮಡಚಿ ಗೋಡೆಗೆ ಒರಗಿದ್ದವು, ನೆಲ ಗುಡಿಸಿತ್ತು. ಎಲ್ಲವನ್ನೂ ಒಬ್ಬನೇ ಎತ್ತಿಟ್ಟಿದ್ದಾನೆ ಎಂದು ವರ್ನಾ ತುಟಿ ಕಚ್ಚಿದಳು. ಅವನಿರಲಿಲ್ಲ. ಅವನ ಮನೆಯ ಮುಂದೆ ನಿಲ್ಲಿಸಿ ಬಾಗಿಲು ಬಡಿದರು. ಅಲ್ಲೂ ಇಲ್ಲ. ಬಾಯಾರಿದವನ ಹಾಗೆ ಆರ್ಲೊ ಅತ್ತ ಇತ್ತ ನೋಡಿದ. ಅವನ ಕಣ್ಣು ತನ್ನದೇ ಮನೆಯ ಅಂಗಳಕ್ಕೆ ಬಿತ್ತು.

ರಾತ್ರಿ ಬಿದ್ದ ಹಿಮವನ್ನು ಅವನು ಆ ಬೆಳಗ್ಗೆ ಬಳಿದಿರಲಿಲ್ಲ. ಎದೆ ತೋರಿಸುವ ಸಡಗರದಲ್ಲಿ ಪುರುಸೊತ್ತಾಗಿರಲಿಲ್ಲ. ಈಗ ಅಂಗಳ ಅರ್ಧ ಚೊಕ್ಕವಾಗಿತ್ತು. ಅಂಚು ದಾರ ಹಿಡಿದಷ್ಟು ನೆಟ್ಟಗೆ. ಅಷ್ಟು ನೆಟ್ಟಗೆ ಹಿಮ ಕಡಿಯುವವನು ಊರಿಗೆ ಒಬ್ಬನೇ. ಅರ್ಧ ಮುಗಿದಲ್ಲಿ ಸೆಲ್ಮರ್ ನಿಂತಿದ್ದ, ಆರ್ಲೊನ ಸಲಿಕೆಗೆ ಗಲ್ಲ ಊರಿಕೊಂಡು, ಬೂದಿಯಂಥ ಮುಖದಲ್ಲಿ ಬೆವರಿಟ್ಟುಕೊಂಡು. ಆ ಚಳಿಯಲ್ಲಿ ಬೆವರು.

ಆರ್ಲೊ ಇಳಿದು ಓಡಿದ. ಕಾಲಲ್ಲಿ ಬರೀ ಕಾಲುಚೀಲ, ಅಂಗಿ ಬಿಚ್ಚಿತ್ತು, ಅಲ್ಲಲ್ಲಿ ಬೋಳಾದ ಎದೆಯಿಂದ ತಂತಿಗಳು ನೇತಾಡುತ್ತಿದ್ದವು.

ಸೆಲ್ಮರ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ನೀನು ಮಲಗಿರ್ಬೇಕಲ್ವಾ," ಎಂದ.

"ಸೆಲ್ಮರ್, ಹೇಗಿದೀಯ?"

"ಪರವಾಗಿಲ್ಲ."

ವರ್ನಾ ಅಷ್ಟರಲ್ಲೇ ಸ್ಟ್ರೆಚರು ಇಳಿಸಿದ್ದಳು. ಮಲಗು ಎಂದಳು. ಬೇಡ ಎಂದ ಸೆಲ್ಮರ್. ಇನ್ನರ್ಧ ಬಾಕಿ ಇದೆ, ಇಡೆಲ್ಲಾ ಆಸ್ಪತ್ರೆಯಿಂದ ಕತ್ತಲಲ್ಲಿ ಬರುತ್ತಾಳೆ, ಜಾರಿದರೆ ಕಷ್ಟ ಎಂದು ವಿವರಿಸತೊಡಗಿದ.

"ಮೂರು ಸಲ ಕೇಳಿದೀನಿ ಅಂತ ತಿಳ್ಕೋ," ಎಂದಳು ವರ್ನಾ.

ಅದು ನ್ಯಾಯವಾಗಿ ಕಂಡಿತು. ಅವನು ಮಲಗಿದ. ಸಲಿಕೆಯನ್ನು ಮಾತ್ರ ಬಿಡಲಿಲ್ಲ, ಬೇರೆಯವರ ವಸ್ತು, ಅಂಗಳದಲ್ಲಿ ಬಿಟ್ಟುಹೋಗುವುದು ಸರಿಯಲ್ಲ ಎಂದ. ವಾದಿಸುವ ಹೊತ್ತಿರಲಿಲ್ಲ. ಸಲಿಕೆಯೂ ಒಳಗೆ ಹೋಯಿತು.

ಈ ಸಲ ವರ್ನಾ ಹೆಸರನ್ನು ಅವನ ಬಾಯಿಂದಲೇ ಕೇಳಿ, ಮುಖ ನೋಡಿ, ಪೆಟ್ಟಿಗೆಗೆ ತುಂಬಿಸಿದಳು. ಅದೇ ಗೆರೆ ಬಂತು, ಉಬ್ಬು ಇನ್ನೂ ಎತ್ತರವಾಗಿತ್ತು. ಕಳಿಸಿದಳು. ಡಾಕ್ಟರು ಹೇಳಿದ ಮಾತ್ರೆ ಅಗಿಸಿದಳು. ಅಲ್ಲಿ ಎಲ್ಲ ಸಿದ್ಧವಾಗಿರುತ್ತದೆ, ಬಾಗಿಲಿಂದ ನೇರ ಒಳಗೆ ಎಂದು ಡಾಕ್ಟರು ಹೇಳಿದರು. ಬರ್ಡೆಲ್ ಕೂಗುಗಂಟೆ ಹಚ್ಚಿದ. ಎದುರಿಂದ ಇನ್ನೂ ಶವಯಾತ್ರೆಯ ಗಾಂಭೀರ್ಯದಲ್ಲಿ ಬರುತ್ತಿದ್ದ ಪಿಕಪ್ಪುಗಳು, ತೀರಿಕೊಂಡ ಆರ್ಲೊ ಕಿಟಕಿಯಿಂದ ಸರಿಯಿರಿ ಎಂದು ಕೈ ಬೀಸುವುದನ್ನು ಕಂಡು, ಗಾಬರಿಯಿಂದ ಹಿಮದ ರಾಶಿಗೇ ನುಗ್ಗಿ ದಾರಿ ಬಿಟ್ಟವು.

ಆರ್ಲೊ ಸೆಲ್ಮರನ ಪಕ್ಕದಲ್ಲಿ ಕೂತಿದ್ದ. ಆ ಊರಿನಲ್ಲಿ ಗಂಡಸರು ಕೈ ಕೈ ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ಸಲಿಕೆಯ ಹಿಡಿಯನ್ನು ಸೆಲ್ಮರ್ ಹಿಡಿದಿದ್ದ, ಇನ್ನೊಂದು ತುದಿಯನ್ನು ಆರ್ಲೊ. ಪಟ್ಟಣದವರೆಗೂ ಇಬ್ಬರೂ ಬಿಡಲಿಲ್ಲ. ಒಂದು ಕಡೆ ಸೆಲ್ಮರನ ಹಿಡಿ ಸಡಿಲವಾದಂತಾಗಿ ಆರ್ಲೊ ಸಲಿಕೆಯನ್ನು ಮೆಲ್ಲಗೆ ಅಲ್ಲಾಡಿಸಿದ. ಆಚೆಯಿಂದ ಮೆಲ್ಲಗೆ ಒಂದು ಅಲುಗು ವಾಪಸು ಬಂತು. ಆರ್ಲೊ ತನ್ನ ಬಾಳಿನಲ್ಲಿ ಅಷ್ಟು ಭಕ್ತಿಯಿಂದ ಪ್ರಾರ್ಥಿಸಿದ್ದು ಅದೇ ಮೊದಲು. ಬಾಯಿಗೆ ಬಂದದ್ದು ಒಂದೇ ಮಾತು: ಸ್ವಾಮೀ, ಗೋಣಿಚೀಲದ ಕೆಳಗಿದೆ, ಕೊಡುವಷ್ಟು ಅವಕಾಶ ಕೊಡು.

ದೇವರು ಕೊಟ್ಟ. ಮುಚ್ಚಿದ ನಾಳವನ್ನು ಡಾಕ್ಟರು ತೆರೆದರು. ಹೊರಗೆ ಬಂದು, ಆ ಉಳಿದರ್ಧ ಅಂಗಳ ಮುಗಿಸಿದ್ದರೆ ಇವರು ಉಳಿಯುತ್ತಿರಲಿಲ್ಲ ಎಂದರು. ಆಮೇಲೆ, ರೋಗಿಯ ಹಾಸಿಗೆಯ ಪಕ್ಕ ಇರುವ ಸಲಿಕೆ ಯಾರದು ಎಂದು ಕೇಳಿದರು. ನನ್ನದು ಎಂದ ಆರ್ಲೊ. ಅದೇಕೆ ಅಲ್ಲಿದೆ ಎಂದು ಹೇಳಲು ಹೋಗಿ, ಅರ್ಧದಲ್ಲೇ ಬಿಟ್ಟು, ಗೋಡೆಯ ಕಡೆ ತಿರುಗಿಕೊಂಡ.

ಮನೆಗೆ ಬಂದಾಗ ಜಗಲಿಯ ತುಂಬ ಹಾಟ್‌ಡಿಶ್ ಪಾತ್ರೆಗಳು. ತಳದಲ್ಲಿ ಒಡತಿಯ ಹೆಸರಿನ ಪಟ್ಟಿ, ಮೇಲೆ ಆರ್ಲೊನಿಗೆ ಆಯುಷ್ಯ ಕೋರುವ ಚೀಟಿ. ಇಡೆಲ್ಲಾ ಚೀಟಿಗಳನ್ನೆಲ್ಲ ಕಿತ್ತು, ಪಾತ್ರೆಗಳನ್ನು ಹಿಮಗಾಡಿಗೆ ಹೇರಿ, ಸೆಲ್ಮರನ ಫ್ರೀಜರು ತುಂಬಿಸಿ ಬರುವಂತೆ ಗಂಡನನ್ನು ಅಟ್ಟಿದಳು. ಅವನು ದಾರಿಯಲ್ಲಿ ಒಂದರ ಮುಚ್ಚಳ ತೆಗೆದಿದ್ದು ಅವಳಿಗೆ ಕಿಟಕಿಯಿಂದಲೇ ಕಂಡಿತು. ಊರಿನವರು ಬೈಯಲಿಲ್ಲ. ಅವರ ಪದ್ಧತಿಯೇ ಹಾಗಲ್ಲ. ಕಾಫಿ ಅಂಗಡಿಯಲ್ಲಿ ಆರ್ಲೊ ಬಂದು ಕೂತರೆ ಯಾರಾದರೂ ಒಬ್ಬರು ಮೆಲ್ಲಗೆ ತಮ್ಮ ಎದೆ ತಟ್ಟಿಕೊಳ್ಳುವರು, ಇನ್ನೊಬ್ಬರು ಟೋಪಿಯನ್ನು ಮುಖದ ಮೇಲೆಳೆದುಕೊಳ್ಳುವರು, ಅಷ್ಟೆ. ಭಾನುವಾರ ಪಾದ್ರಿಗಳು ದೇವರಿಗೆ ವಂದನೆ ಹೇಳುತ್ತ, ಕೌದಿ ಹೊಲಿದ ಕೈಗಳಿಗಾಗಿ, ಪೆಟ್ಟಿಗೆಗಾಗಿ, ಡಾಕ್ಟರಿಗಾಗಿ ವಂದಿಸಿ, ಕೊನೆಗೆ ಆರ್ಲೊನ ಕಡೆ ನೋಡಿ, "ಶೂರನಿಗಾಗಿ ಕಾಯದೆ ಹತ್ತಿರದಲ್ಲಿ ಸಿಕ್ಕ ಪುಕ್ಕಲನನ್ನೇ ಕೆಲಸಕ್ಕೆ ಹಚ್ಚಿದ್ದಕ್ಕಾಗಿಯೂ" ಎಂದರು. ಆರ್ಲೊ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದ.

ಮರುದಿನ ಅವನು ವರ್ನಾಳ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತು ಅಂಗಿ ಬಿಚ್ಚಿದ. ಪಕ್ಕದೂರಿನವರೂ ಪೆಟ್ಟಿಗೆ ನೋಡಬೇಕೆನ್ನುತ್ತಿದ್ದಾರಂತೆ, ಎದೆ ಬೇಕಾಗಬಹುದು, ಉಳಿದದ್ದನ್ನೂ ತೆಗೆದುಬಿಡು ಎಂದ. ಅವಳು ತೆಗೆದಳು. ಮುತ್ತಾತನ ಆಸ್ತಿ ನೆಲಕ್ಕೆ ಉದುರಿತು. ಗುಡಿಸುತ್ತ ವರ್ನಾ ಹೇಗನಿಸುತ್ತಿದೆ ಎಂದು ಕೇಳಿದಳು. "ಚಳಿ," ಎಂದ ಆರ್ಲೊ. ಆ ಊರಿನ ಗಂಡಸೊಬ್ಬ ಇರುವುದನ್ನು ಇರುವ ಹಾಗೆ ಹೇಳಿದ್ದು ಅದೇ ಮೊದಲಿರಬೇಕು.

ಸೆಲ್ಮರ್ ಊರಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಆರ್ಲೊನ ಬಾಗಿಲು ತಟ್ಟಿದ ಸದ್ದಾಯಿತು. ಸಣ್ಣಗೆ ಬಿಸಿಲಿತ್ತು, ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಸೆಲ್ಮರ್ ತುಸು ಇಳಿದಿದ್ದ, ಕೆನ್ನೆಯಲ್ಲಿ ಬಣ್ಣವಿತ್ತು. ಕೈಯಲ್ಲಿ ಸಲಿಕೆ. ಆಸ್ಪತ್ರೆಯವರು ಅದಕ್ಕೆ ಅವನ ಹೆಸರಿನ ಪಟ್ಟಿ ಕಟ್ಟಿದ್ದರು.

"ನಿಂದು," ಎಂದ.

ಆರ್ಲೊ ಸಲಿಕೆ ತೆಗೆದುಕೊಂಡು ಗೋಡೆಗೊರಗಿಸಿದ. ಇರು ಎಂದು ಹೇಳಿ ಗ್ಯಾರೇಜಿಗೆ ಹೋದ. ಬರುವಾಗ ಅವನ ಎರಡೂ ಕೈಯಲ್ಲಿ ಬೈರಿಗೆ ಇತ್ತು, ತುಕ್ಕು ಉಜ್ಜಿ, ಎಣ್ಣೆ ಸವರಿ, ಅಲಗು ಹರಿತ ಮಾಡಿದ ಬೈರಿಗೆ. ಅದನ್ನು ಮುಂದೆ ಹಿಡಿದ.

ಸೆಲ್ಮರ್ ಅದನ್ನು ನೋಡಿದ. "ಇರಲಿ ಬಿಡು," ಎಂದ.

ಆರ್ಲೊ ಕೈ ಹಿಂದೆಗೆಯಲಿಲ್ಲ.

"ನೀನೇ ಇಟ್ಕೊಂಡಿರು," ಎಂದ ಸೆಲ್ಮರ್ ಇನ್ನೊಮ್ಮೆ, ಕೆರೆಯ ಕಡೆ ನೋಡುತ್ತ.

ಸೂರಿನ ಹನಿಗಳು ಬೀಳುತ್ತಿದ್ದವು. ಆರ್ಲೊ ಬೈರಿಗೆಯನ್ನು ಮೂರನೆಯ ಸಲ ಅವನತ್ತ ಚಾಚಿದ. ಸೆಲ್ಮರ್ ಕೈಗವಸು ಕಳಚಿ ಜೇಬಿಗಿಟ್ಟು, ಎರಡೂ ಕೈಯಿಂದ ಅದನ್ನು ತೆಗೆದುಕೊಂಡ.